ಜನಸಂಖ್ಯಾ ಅಧ್ಯಯನ ಕೇಂದ್ರದಲ್ಲಿ ನಡೆಯುವುದೇನು?

ವಿಶ್ವವಿದ್ಯಾಲಯಗಳಲ್ಲಿರುವ ಜನಸಂಖ್ಯಾ ಸಂಶೋಧನಾ ಕೇಂದ್ರಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಆಶಯದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ. ಹೆಸರು ಹಾಕಬಾರದೆಂದು ಹಲವರು ಕೋರಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಜನಗಣತಿ ನಡೆಸಲು ಸರ್ಕಾರಗಳಿಗೆ ತಮ್ಮದೇ ಇಲಾಖೆಗಳಿವೆ, ಹುಟ್ಟು ಸಾವುಗಳನ್ನು ನೋಂದಾಯಿಸುವ ಕಚೇರಿಗಳಿವೆ. ಹೀಗಿರುವಾಗ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರ ಏಕೆ ಬೇಕು? ಎಣಿಸಿದ್ದನ್ನೇ ಅವರು ಮತ್ತೆ ಎಣಿಸುತ್ತಾರೆಯೆ?

ಉತ್ತರ: ಇಲ್ಲ, ಎಣಿಸುವ ಕೆಲಸ ಅವರದಲ್ಲ. ಗಣತಿ ಇಲಾಖೆ ಗೊತ್ತುಪಡಿಸಿದ ಒಂದು ದಿನ ಒಂದು ಪ್ರದೇಶದಲ್ಲಿ ಎಷ್ಟು ಜನರಿದ್ದರು ಎಂಬುದನ್ನು ಹೇಳಿ ಮುಗಿಸುತ್ತದೆ. ಅಷ್ಟು ಜನ ಹೇಗಾದರು, ಅವರಲ್ಲಿ ಹುಟ್ಟಿನಿಂದ ಸೇರಿದವರೆಷ್ಟು, ವಲಸೆಯಿಂದ ಬಂದವರೆಷ್ಟು, ಎಣಿಕೆಯಲ್ಲಿ ಕೈತಪ್ಪಿದವರು ಯಾರು, ಈಗಿನ ಚಿಕ್ಕ ಮಕ್ಕಳು ದುಡಿಯುವ ವಯಸ್ಸಿಗೆ ಬರುವಾಗ ಮುದುಕರ ಪ್ರಮಾಣ ಎಷ್ಟಿರುತ್ತದೆ ಎಂಬ ಪ್ರಶ್ನೆಗಳು ಅಲ್ಲಿಂದ ಮುಂದೆ ಶುರುವಾಗುತ್ತವೆ. ಅಧ್ಯಯನ ಕೇಂದ್ರದ ಕೆಲಸ ಇರುವುದು ಆ ಭಾಗದಲ್ಲಿ.

ಈ ವ್ಯತ್ಯಾಸವನ್ನು ಮೊದಲು ತೋರಿಸಿಕೊಟ್ಟವನು ವಿದ್ವಾಂಸನಲ್ಲ, ಲಂಡನ್ನಿನ ಒಬ್ಬ ಬಟ್ಟೆಬರೆ ವ್ಯಾಪಾರಿ. ಹದಿನೇಳನೆಯ ಶತಮಾನದಲ್ಲಿ ಆ ನಗರದ ಪ್ರತಿ ಚರ್ಚಿನ ವ್ಯಾಪ್ತಿಯಲ್ಲಿ ವಾರಕ್ಕೆ ಎಷ್ಟು ಶವಸಂಸ್ಕಾರ, ಎಷ್ಟು ನಾಮಕರಣ ನಡೆಯಿತೆಂದು ಪಟ್ಟಿ ಅಚ್ಚಾಗಿ ಮಾರಾಟವಾಗುತ್ತಿತ್ತು. ಕೊಂಡವರು ಪ್ಲೇಗ್ ಹೆಚ್ಚಿದೆಯೇ ಇಳಿದಿದೆಯೇ ಎಂದು ನೋಡಿ ಬದಿಗಿಡುತ್ತಿದ್ದರು. ಜಾನ್ ಗ್ರಾಂಟ್ ಎಂಬ ಆ ವ್ಯಾಪಾರಿ ಹಲವು ದಶಕಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ತಾಳೆ ನೋಡಿ, 1662ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ವರ್ಷ ವರ್ಷವೂ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳ ನಾಮಕರಣ ತುಸು ಹೆಚ್ಚೇ ಇರುವುದನ್ನು ಅವನು ಗುರುತಿಸಿದ. ಹುಟ್ಟಿಗಿಂತ ಸಾವು ಹೆಚ್ಚಿದ್ದರೂ ಲಂಡನ್ ಬೆಳೆಯುತ್ತಲೇ ಇದೆ, ಆದ್ದರಿಂದ ಹಳ್ಳಿಗಾಡಿನಿಂದ ಜನ ಬಂದು ಸೇರುತ್ತಿರಲೇಬೇಕು ಎಂದೂ ತರ್ಕಿಸಿದ. ಯಾರೂ ಎಣಿಸದಿದ್ದ ವಲಸೆಯನ್ನು, ಆಗಲೇ ಎಣಿಕೆಯಾಗಿದ್ದ ಎರಡು ಅಂಕಿಗಳಿಂದ ಅವನು ಹೊರಗೆಳೆದ.

ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವನ ಅನುಮಾನದ ಗುಣ. ಸಾವಿನ ಕಾರಣವನ್ನು ಬರೆಸುತ್ತಿದ್ದವರು ಶವವನ್ನು ನೋಡಿಬರಲು ನೇಮಕಗೊಂಡಿದ್ದ ಮುದುಕಿಯರು. ಮನೆಯವರು ಕುಡಿಯಲು ಒಂದಿಷ್ಟು, ಕೈಗೆ ಒಂದಿಷ್ಟು ಕೊಟ್ಟರೆ ಲೈಂಗಿಕ ರೋಗದಿಂದಾದ ಸಾವು ಬೇರೊಂದು ಕಾಯಿಲೆಯ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂದು ಗ್ರಾಂಟ್ ಬರೆದಿಟ್ಟ. ಅಂಕಿಯನ್ನು ಬಳಸುವ ಮುನ್ನ ಅದು ಯಾರ ಬಾಯಿಂದ ಬಂತು, ಯಾವ ಒತ್ತಡದಲ್ಲಿ ಬಂತು ಎಂದು ಕೇಳುವ ಈ ಅಭ್ಯಾಸವೇ ಇಂದಿನ ಕೇಂದ್ರಗಳ ಅರ್ಧ ಕೆಲಸ. ಎಣಿಸಿದ ಇಲಾಖೆಯೇ ತನ್ನ ಎಣಿಕೆಯನ್ನು ಅಷ್ಟೇ ನಿಷ್ಠುರವಾಗಿ ಒರೆಗೆ ಹಚ್ಚುತ್ತದೆಂದು ನಿರೀಕ್ಷಿಸುವುದು ಕಷ್ಟ. ಅದು ವಿಶ್ವವಿದ್ಯಾಲಯದಂಥ ಹೊರಗಿನ ಜಾಗದಲ್ಲಿ ನಡೆಯುವುದು ಒಳ್ಳೆಯದು.

ಪ್ರಶ್ನೆ: ಹುಟ್ಟು ಸಾವುಗಳ ನೋಂದಣಿಯೇ ಸರಿಯಾಗಿಲ್ಲದ ದೇಶಗಳು ಬಹಳಷ್ಟಿವೆ. ಅಲ್ಲಿನ ಶಿಶುಮರಣ ಇಷ್ಟು, ಜನನ ಪ್ರಮಾಣ ಇಷ್ಟು ಎಂದು ಸಂಶೋಧಕರು ಹೇಳುವುದು ಯಾವ ಆಧಾರದ ಮೇಲೆ? ಇದು ಕಣ್ಣಂದಾಜಿನ ವ್ಯವಹಾರವಲ್ಲವೆ?

ಉತ್ತರ: ಅಂದಾಜು ಹೌದು, ಕಣ್ಣಂದಾಜಲ್ಲ. ಈ ಶಾಸ್ತ್ರದ ಅತ್ಯಂತ ಜಾಣತನದ ಕೆಲಸ ನಡೆದಿರುವುದೇ ದಾಖಲೆ ಇಲ್ಲದ ಕಡೆ. ಎರಡು ವಿಧಾನಗಳನ್ನು ತುಸು ವಿವರವಾಗಿ ಹೇಳಿದರೆ ಕೆಲಸದ ರೀತಿ ತಿಳಿಯುತ್ತದೆ.

ಮೊದಲನೆಯದನ್ನು 1949ರಲ್ಲಿ ಭಾರತದ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಮುಂದಿಟ್ಟರು. ಬಂಗಾಳದ ಸಿಂಗೂರು ಆರೋಗ್ಯ ಕೇಂದ್ರದ ಪ್ರದೇಶದಿಂದ ಸಂಗ್ರಹಿಸಿದ ಮಾಹಿತಿಯ ಮೇಲೆ ಅವರು ಅದನ್ನು ಪ್ರಯೋಗಿಸಿದ್ದರು. ಒಂದು ಪ್ರದೇಶದ ಒಂದು ವರ್ಷದ ಜನನಗಳಿಗೆ ಎರಡು ಪಟ್ಟಿಗಳಿವೆ ಎಂದುಕೊಳ್ಳೋಣ: ಒಂದು ನೋಂದಣಾಧಿಕಾರಿಯ ಪುಸ್ತಕ, ಇನ್ನೊಂದು ಮನೆಮನೆಗೆ ಹೋಗಿ ಪ್ರತ್ಯೇಕವಾಗಿ ಕೇಳಿ ಬರೆದದ್ದು. ಎರಡನ್ನೂ ಸಾಲುಸಾಲಾಗಿ ತಾಳೆ ನೋಡಿದಾಗ 600 ಮಕ್ಕಳು ಎರಡರಲ್ಲೂ ಇದ್ದಾರೆ, 200 ಮಕ್ಕಳು ನೋಂದಣಿ ಪುಸ್ತಕದಲ್ಲಿ ಮಾತ್ರ, 300 ಮಕ್ಕಳು ಮನೆಭೇಟಿಯ ಪಟ್ಟಿಯಲ್ಲಿ ಮಾತ್ರ ಸಿಕ್ಕರು ಎನ್ನೋಣ. ಮನೆಭೇಟಿಯವರು ಕಂಡ 900 ಮಕ್ಕಳಲ್ಲಿ ನೋಂದಣಿಗೆ ಸಿಕ್ಕವರು 600, ಅಂದರೆ ಮೂರರಲ್ಲಿ ಎರಡು ಪಾಲು. ಮನೆಭೇಟಿಯವರ ಕಣ್ಣಿಗೆ ಬೀಳದ ಮಕ್ಕಳಲ್ಲೂ ನೋಂದಣಿ ಇದೇ ಪ್ರಮಾಣದಲ್ಲಿ ಆಗಿದ್ದರೆ, ಪುಸ್ತಕದಲ್ಲಿ ಮಾತ್ರ ಸಿಕ್ಕ ಆ 200 ಮಕ್ಕಳು 300ರ ಮೂರನೇ ಎರಡು ಭಾಗ. ಉಳಿದ 100 ಮಕ್ಕಳನ್ನು ಇಬ್ಬರೂ ಕಂಡಿಲ್ಲ. ಒಟ್ಟು ಜನನ 1,100 ಅಲ್ಲ, 1,200. ಯಾವ ಪಟ್ಟಿಯಲ್ಲೂ ಇಲ್ಲದ ಮಕ್ಕಳ ಸಂಖ್ಯೆ ಹೀಗೆ ಸಿಗುತ್ತದೆ.

ಇದರ ಬುಡದಲ್ಲಿ ಒಂದು ಷರತ್ತಿದೆ. ಎರಡೂ ಪಟ್ಟಿಗಳು ಒಂದರ ಹಂಗಿಲ್ಲದೆ ಇನ್ನೊಂದು ತಯಾರಾಗಿರಬೇಕು. ದಾರಿಯೇ ಇಲ್ಲದ ಮೂಲೆಯ ಮನೆಗೆ ನೋಂದಣಾಧಿಕಾರಿಯೂ ಹೋಗುವುದಿಲ್ಲ, ಸಮೀಕ್ಷೆಯವರೂ ಹೋಗುವುದಿಲ್ಲ; ಆಗ ಇಬ್ಬರೂ ತಪ್ಪಿಸಿದ ಮಕ್ಕಳು ಲೆಕ್ಕ ಹೇಳುವುದಕ್ಕಿಂತ ಹೆಚ್ಚಿರುತ್ತಾರೆ. ಅದಕ್ಕಾಗಿಯೇ ಇಡೀ ಪ್ರದೇಶಕ್ಕೆ ಒಂದೇ ಲೆಕ್ಕ ಹಾಕದೆ, ಒಂದೇ ಬಗೆಯ ಜನರ ಚಿಕ್ಕ ಗುಂಪುಗಳನ್ನು ಮಾಡಿಕೊಂಡು ಗುಂಪುವಾರು ಲೆಕ್ಕ ಹಾಕಿ ಕೂಡಿಸಬೇಕೆಂದು ಚಂದ್ರಶೇಖರನ್ ಮತ್ತು ಡೆಮಿಂಗ್ ಸೂಚಿಸಿದರು. ಇನ್ನು ತಾಳೆ ನೋಡುವ ಕೆಲಸವೇನೂ ಸಲೀಸಲ್ಲ. ಹೆಸರಿಡದ ಕೂಸು, ಎರಡು ಹೆಸರಿರುವ ತಂದೆ, ಒಂದು ಕಡೆ ಗಂಡನ ಮನೆಯ ವಿಳಾಸ, ಇನ್ನೊಂದು ಕಡೆ ತವರಿನ ವಿಳಾಸ. ಒಂದೇ ಮಗುವನ್ನು ಇಬ್ಬರೆಂದು ತಿಳಿದರೆ ಒಟ್ಟು ಲೆಕ್ಕ ಉಬ್ಬಿಬಿಡುತ್ತದೆ.

ಎರಡನೆಯ ವಿಧಾನ ಬ್ರಿಟನ್ನಿನ ವಿಲಿಯಂ ಬ್ರಾಸ್ ರೂಪಿಸಿದ್ದು. ಆಫ್ರಿಕಾದ ಹಲವು ಪ್ರದೇಶಗಳಲ್ಲಿ ಜನರಿಗೆ ಹುಟ್ಟಿದ ದಿನಾಂಕ ಗೊತ್ತಿರಲಿಲ್ಲ, ಮಗು ಸತ್ತಾಗ ಎಷ್ಟು ತಿಂಗಳಾಗಿತ್ತೆಂದು ಕೇಳಿದರೆ ಖಚಿತ ಉತ್ತರ ಸಿಗುತ್ತಿರಲಿಲ್ಲ. ಬ್ರಾಸ್ ಅವರು ದಿನಾಂಕದ ಗೊಡವೆಯನ್ನೇ ಬಿಟ್ಟರು. ತಾಯಂದಿರನ್ನು ಎರಡೇ ಪ್ರಶ್ನೆ ಕೇಳಿದರೆ ಸಾಕೆಂದರು: ಒಟ್ಟು ಎಷ್ಟು ಮಕ್ಕಳು ಹುಟ್ಟಿದವು, ಅವುಗಳಲ್ಲಿ ಎಷ್ಟು ಬದುಕಿವೆ? ಇಪ್ಪತ್ತರಿಂದ ಇಪ್ಪತ್ನಾಲ್ಕು ವರ್ಷದ ತಾಯಂದಿರ ಮಕ್ಕಳು ಸರಾಸರಿಯಲ್ಲಿ ಇನ್ನೂ ಎಳೆಯರು. ಅವರಲ್ಲಿ ಸತ್ತವರ ಪಾಲು ಎರಡು ವರ್ಷ ತುಂಬುವ ಮೊದಲು ಸಾಯುವ ಸಂಭವಕ್ಕೆ ಹತ್ತಿರವಿರುತ್ತದೆ. ಇಪ್ಪತ್ತೈದರಿಂದ ಇಪ್ಪತ್ತೊಂಬತ್ತರ ತಾಯಂದಿರ ಉತ್ತರ ಮೂರು ವರ್ಷದೊಳಗಿನ ಸಾವನ್ನೂ, ಮೂವತ್ತರಿಂದ ಮೂವತ್ನಾಲ್ಕರವರ ಉತ್ತರ ಐದು ವರ್ಷದೊಳಗಿನ ಸಾವನ್ನೂ ಸೂಚಿಸುತ್ತದೆ. ಅಲ್ಲಿನ ಹೆಂಗಸರು ಸಾಮಾನ್ಯವಾಗಿ ಯಾವ ವಯಸ್ಸಿನಲ್ಲಿ ಹೆರುತ್ತಾರೆಂಬುದಕ್ಕೆ ತಕ್ಕಂತೆ ಚಿಕ್ಕ ಗುಣಕಗಳಿಂದ ಅದನ್ನು ತಿದ್ದಲಾಗುತ್ತದೆ.

ಎರಡು ಪ್ರಶ್ನೆ ಎಂದೆನಾದರೂ ಕೇಳುವ ಕ್ರಮ ಅಷ್ಟು ನೇರವಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಕೂಸನ್ನು ತಾಯಿ ಹೇಳದೇ ಬಿಡಬಹುದು, ಮದುವೆಯಾಗಿ ದೂರ ಹೋದ ಮಗಳು ಲೆಕ್ಕಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಜೊತೆಯಲ್ಲಿರುವ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಬೇರೆ ಕಡೆ ಇರುವ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ತೀರಿಕೊಂಡವರೆಷ್ಟು ಎಂದು ಬಿಡಿಬಿಡಿಯಾಗಿ ಕೇಳಿ ಕೂಡಿಸಿ, ಬಂದ ಮೊತ್ತವನ್ನು ತಾಯಿಗೇ ಓದಿ ಹೇಳಿ ಸರಿಯೇ ಎಂದು ಕೇಳಲಾಗುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ: ಸತ್ತ ತಾಯಿಯನ್ನು ಕೇಳಲಾಗುವುದಿಲ್ಲ. ಎಚ್‌ಐವಿ ಹಬ್ಬಿದ ಪ್ರದೇಶಗಳಲ್ಲಿ ತಾಯಿಯ ಸಾವು ಮಗುವಿನ ಸಾವು ಜೊತೆಜೊತೆಗೆ ಬಂದದ್ದರಿಂದ ಈ ವಿಧಾನ ಶಿಶುಮರಣವನ್ನು ಕಡಿಮೆ ತೋರಿಸತೊಡಗಿತು, ಅದನ್ನು ತಿದ್ದಲು ಮತ್ತಷ್ಟು ಸಂಶೋಧನೆ ಬೇಕಾಯಿತು.

ಮೂರನೆಯ ದಾರಿಯೂ ಇದೆ, ಅದು ದುಬಾರಿ. ಒಂದು ಚಿಕ್ಕ ಪ್ರದೇಶವನ್ನು ಹಿಡಿದು ಅಲ್ಲಿನ ಪ್ರತಿ ಮನೆಯ ಹುಟ್ಟು, ಸಾವು, ಮದುವೆ, ವಲಸೆಗಳನ್ನು ವರ್ಷಾನುಗಟ್ಟಲೆ ಬಿಡದೆ ದಾಖಲಿಸುವುದು. ಬಾಂಗ್ಲಾದೇಶದ ಮತ್ಲಬ್‌ನಲ್ಲಿ ಈ ಕೆಲಸ 1966ರಿಂದ ನಡೆಯುತ್ತಿದೆ.

ಪ್ರಶ್ನೆ: ಸಾವಿರ ಜನಕ್ಕೆ ಲೆಕ್ಕ ಹಾಕಿದರೆ ಜಪಾನಿನಲ್ಲಿ ಬಾಂಗ್ಲಾದೇಶಕ್ಕಿಂತ ಹೆಚ್ಚು ಸಾವುಗಳಾಗುತ್ತವೆ ಎಂದು ಓದಿದೆ. ಇದು ಅಚ್ಚಿನ ತಪ್ಪಿರಬೇಕಲ್ಲವೆ?

ಉತ್ತರ: ಅಚ್ಚು ಸರಿಯಾಗಿಯೇ ಇದೆ. ಜಪಾನಿನಲ್ಲಿ 2022ರಲ್ಲಿ ಸಾವಿರ ಜನಕ್ಕೆ 12ಕ್ಕಿಂತ ಹೆಚ್ಚು ಸಾವುಗಳಾದವು, ಬಾಂಗ್ಲಾದೇಶದ ಪ್ರಮಾಣ ಅದರ ಅರ್ಧದ ಆಸುಪಾಸಿನಲ್ಲಿದೆ. ಜಪಾನಿನ ಜನರಲ್ಲಿ ಸುಮಾರು ನೂರಕ್ಕೆ 29 ಮಂದಿ 65 ದಾಟಿದವರು, ಬಾಂಗ್ಲಾದೇಶದಲ್ಲಿ ಯುವಕರೇ ಹೆಚ್ಚು. ವಯಸ್ಸಾದವರು ಹೆಚ್ಚಿರುವಲ್ಲಿ, ವೈದ್ಯಕೀಯ ಎಷ್ಟೇ ಚೆನ್ನಾಗಿರಲಿ, ಒಟ್ಟು ಸಾವುಗಳೂ ಹೆಚ್ಚು. ಐದು ವರ್ಷದ ಮಗುವನ್ನು ಐದು ವರ್ಷದ ಮಗುವಿನೊಂದಿಗೆ, ಎಪ್ಪತ್ತರವರನ್ನು ಎಪ್ಪತ್ತರವರೊಂದಿಗೆ ಹೋಲಿಸಿದರೆ ಚಿತ್ರ ತಿರುಗಿಬೀಳುತ್ತದೆ. ಆದ್ದರಿಂದಲೇ ಈ ಕೇಂದ್ರಗಳಲ್ಲಿ ಒಟ್ಟು ಮರಣ ಪ್ರಮಾಣವನ್ನು ಇಟ್ಟುಕೊಂಡು ಎರಡು ದೇಶಗಳನ್ನು ಹೋಲಿಸುವುದನ್ನು ಮೊದಲ ವಾರದಲ್ಲೇ ಬಿಡಿಸುತ್ತಾರೆ. ಆಯಾ ವಯಸ್ಸಿನ ಮರಣ ಪ್ರಮಾಣಗಳಿಂದ ಜೀವಿತ ಕೋಷ್ಟಕ, ಅಂದರೆ ಹುಟ್ಟಿದವರಲ್ಲಿ ಯಾವ ವಯಸ್ಸಿನವರೆಗೆ ಎಷ್ಟು ಮಂದಿ ಉಳಿಯುತ್ತಾರೆಂಬ ಪಟ್ಟಿ ತಯಾರಿಸಿ ನಿರೀಕ್ಷಿತ ಜೀವಿತಾವಧಿಯನ್ನು ಲೆಕ್ಕ ಹಾಕಿದರೆ ವಯೋರಚನೆಯ ಪ್ರಭಾವ ಕಳಚಿಹೋಗುತ್ತದೆ. ಜಪಾನಿನದು ಆಗ ಸುಮಾರು 84 ವರ್ಷವೆಂದು, ಜಗತ್ತಿನ ಅತಿ ಹೆಚ್ಚಿನವುಗಳಲ್ಲಿ ಒಂದೆಂದು ಗೊತ್ತಾಗುತ್ತದೆ.

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲೇ ಬ್ರೆಸ್ಲೌ ನಗರದ ದಾಖಲೆಗಳಿಂದ ಇಂಥ ಒಂದು ಕೋಷ್ಟಕ ತಯಾರಿಸಿದ್ದ. ಜೀವನಪೂರ್ತಿ ವರ್ಷಾಶನ ಕೊಡುವ ಒಪ್ಪಂದಕ್ಕೆ ಯಾವ ವಯಸ್ಸಿನವರಿಂದ ಎಷ್ಟು ಹಣ ಪಡೆಯಬೇಕೆಂಬ ವ್ಯಾವಹಾರಿಕ ಪ್ರಶ್ನೆಗೆ ಅದು ಉತ್ತರ ಕೊಟ್ಟಿತು.

ಪ್ರಶ್ನೆ: ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಮಹಿಳೆಗೆ 0.72 ಮಗು ಎಂದು ವರದಿಯಾಗಿತ್ತು. ಮುಕ್ಕಾಲು ಮಗು ಎಂದರೇನು? ಅಲ್ಲಿನ ಹೆಂಗಸರು ನಿಜವಾಗಿ ಇಷ್ಟೇ ಮಕ್ಕಳನ್ನು ಹೆರುತ್ತಾರೆಯೆ?

ಉತ್ತರ: ಸರಾಸರಿಯಾದ್ದರಿಂದ ಭಿನ್ನಾಂಕ ಬರುವುದು ಸಹಜ, ನಿಮ್ಮ ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಒಟ್ಟು ಫಲವತ್ತತೆ ದರ ಎಂಬ ಈ ಸಂಖ್ಯೆ ಬದುಕಿರುವ ಯಾವ ಮಹಿಳೆಯ ಕಥೆಯೂ ಅಲ್ಲ. ಆ ಒಂದು ವರ್ಷದಲ್ಲಿ ಇಪ್ಪತ್ತರವರು, ಮೂವತ್ತರವರು, ನಲವತ್ತರವರು ಯಾವ ಪ್ರಮಾಣದಲ್ಲಿ ಹೆತ್ತರೋ ಅದೇ ಪ್ರಮಾಣದಲ್ಲಿ ಒಬ್ಬಳು ತನ್ನ ಇಡೀ ಬಾಳಿನಲ್ಲಿ ಹೆತ್ತರೆ ಎಷ್ಟು ಮಕ್ಕಳಾಗುತ್ತಿದ್ದವು ಎಂಬ ಕಾಲ್ಪನಿಕ ಲೆಕ್ಕವದು. ಒಂದು ಪೀಳಿಗೆ ಮದುವೆಯನ್ನೂ ಮೊದಲ ಹೆರಿಗೆಯನ್ನೂ ಮುಂದೂಡುತ್ತಿದ್ದರೆ, ಕೊನೆಗೆ ಅಷ್ಟೇ ಮಕ್ಕಳಾದರೂ, ಮುಂದೂಡುವ ವರ್ಷಗಳಲ್ಲಿ ಈ ದರ ಕುಸಿದಂತೆ ಕಾಣುತ್ತದೆ. ಜಾನ್ ಬೋಂಗಾರ್ಟ್ಸ್ ಮತ್ತು ಗ್ರಿಫಿತ್ ಫೀನಿ ಎಂಬುವರು 1998ರಲ್ಲಿ ಈ ಮುಂದೂಡಿಕೆಯ ಪರಿಣಾಮವನ್ನು ಬೇರ್ಪಡಿಸುವ ಸೂತ್ರವೊಂದನ್ನು ಕೊಟ್ಟರು. ಅದರ ಸರಿತಪ್ಪುಗಳ ಬಗ್ಗೆ ಚರ್ಚೆ ಇನ್ನೂ ನಿಂತಿಲ್ಲ. ಕೊರಿಯಾದ ವಿಷಯದಲ್ಲಿ ಮುಂದೂಡಿಕೆಯೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಮದುವೆಯೇ ಬೇಡವೆನ್ನುವವರೂ ಹೆಚ್ಚಿದ್ದಾರೆ. ಒಂದು ಪೀಳಿಗೆಯ ಹೆಂಗಸರು ನಿಜವಾಗಿ ಎಷ್ಟು ಹೆತ್ತರೆಂಬುದು ಅವರಿಗೆ ನಲವತ್ತೈದು, ಐವತ್ತು ತುಂಬಿದ ಮೇಲಷ್ಟೇ ಖಚಿತವಾಗಿ ತಿಳಿಯುತ್ತದೆ. ಅಷ್ಟು ವರ್ಷ ಕಾಯಲು ಪತ್ರಿಕೆಗಳಿಗೂ ಸರ್ಕಾರಗಳಿಗೂ ವ್ಯವಧಾನವಿಲ್ಲವಾದ್ದರಿಂದ ವರ್ಷದ ದರವೇ ತಲೆಬರಹವಾಗುತ್ತದೆ.

ಪ್ರಶ್ನೆ: ಮಕ್ಕಳ ಸಂಖ್ಯೆ ಎರಡಕ್ಕಿಂತ ಕೆಳಗಿಳಿದ ದೇಶದಲ್ಲೂ ಜನಸಂಖ್ಯೆ ಬೆಳೆಯುತ್ತಲೇ ಇರುವುದೇಕೆ?

ಉತ್ತರ: ಹಿಂದೆ ಹೆಚ್ಚು ಹುಟ್ಟಿದವರು ಈಗ ಹೆರುವ ವಯಸ್ಸಿನಲ್ಲಿರುವುದರಿಂದ. ತಲಾ ಮಕ್ಕಳು ಕಡಿಮೆಯಾದರೂ ತಾಯಂದಿರೇ ಬಹಳ ಮಂದಿ ಇರುವಾಗ ಒಟ್ಟು ಜನನ ಬೇಗ ಇಳಿಯುವುದಿಲ್ಲ. ಸಾಯುವ ವಯಸ್ಸಿನವರು ಹಳೆಯ, ಚಿಕ್ಕ ಪೀಳಿಗೆಯವರಾದ್ದರಿಂದ ಸಾವುಗಳೂ ಕಡಿಮೆ. ಚೀನಾದಲ್ಲಿ ಒಟ್ಟು ಫಲವತ್ತತೆ ದರ 1990ರ ದಶಕದ ಆರಂಭದಲ್ಲೇ, ಒಂದು ಪೀಳಿಗೆಯ ಜಾಗವನ್ನು ಮುಂದಿನದು ತುಂಬಲು ಬೇಕಾದ 2.1ಕ್ಕಿಂತ ಕೆಳಗಿಳಿದಿತ್ತು, ಒಟ್ಟು ಜನಸಂಖ್ಯೆ ಇಳಿಯತೊಡಗಿದ್ದು 2022ರಲ್ಲಿ. ಮೂರು ದಶಕಗಳ ಈ ಅಂತರ ಪೂರ್ತಿ ವಯೋರಚನೆಯ ಕೊಡುಗೆಯಲ್ಲ, ಆಯಸ್ಸು ಹೆಚ್ಚಿದ್ದೂ ಅದರಲ್ಲಿ ಸೇರಿದೆ. ಇಳಿಕೆಗೂ ಇದೇ ನಿಯಮ. ಈಗ ಹೆಣ್ಣುಮಕ್ಕಳೇ ಕಡಿಮೆ ಹುಟ್ಟಿರುವ ದೇಶದಲ್ಲಿ ನಾಳೆ ತಲಾ ಎರಡು ಮಕ್ಕಳಾದರೂ ಜನಸಂಖ್ಯೆ ಕೆಲವು ದಶಕ ಇಳಿಯುತ್ತಲೇ ಹೋಗುತ್ತದೆ.

ಪ್ರಶ್ನೆ: ಜಗತ್ತಿನ ಜನಸಂಖ್ಯೆ 1,000 ಕೋಟಿ ದಾಟುತ್ತದೆ ಎಂದು ಒಬ್ಬರು, ದಾಟುವುದೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರೂ ದೊಡ್ಡ ಸಂಸ್ಥೆಗಳವರೇ. ನಾವು ಯಾರನ್ನು ನಂಬಬೇಕು?

ಉತ್ತರ: ಇಬ್ಬರೂ ಏನನ್ನು ಒಪ್ಪಿಕೊಂಡು ಲೆಕ್ಕ ಶುರುಮಾಡಿದರೆಂದು ನೋಡಬೇಕು. ವಿಶ್ವಸಂಸ್ಥೆಯ 2024ರ ಲೆಕ್ಕದ ಪ್ರಕಾರ ಜಗತ್ತಿನ ಜನಸಂಖ್ಯೆ 2080ರ ದಶಕದ ನಡುವೆ ಸುಮಾರು 1,030 ಕೋಟಿಗೆ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಮಾಪನ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆ ಶಿಖರ 2064ರಲ್ಲೇ, ಸುಮಾರು 970 ಕೋಟಿಗೆ ಬಂದು, 2100ರ ಹೊತ್ತಿಗೆ 880 ಕೋಟಿಗೆ ಇಳಿಯುತ್ತದೆ. ತಮಾಷೆಯೆಂದರೆ, ವಿಶ್ವಸಂಸ್ಥೆ ಈಗ ಬಳಸುವ ಸಂಭವನೀಯತೆಯ ವಿಧಾನ ರೂಪುಗೊಂಡದ್ದೂ ಇದೇ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ.

ಲೆಕ್ಕ ಹಾಕುವ ಕ್ರಮ ಬಹುಮಟ್ಟಿಗೆ ಒಂದೇ. ಜನರನ್ನು ಐದೈದು ವರ್ಷದ ವಯೋಗುಂಪುಗಳಾಗಿ, ಹೆಣ್ಣು ಗಂಡು ಬೇರೆಬೇರೆಯಾಗಿ ಬರೆದುಕೊಂಡು, ಐದು ವರ್ಷ ಕಳೆದ ಮೇಲೆ ಪ್ರತಿ ಗುಂಪಿನಲ್ಲಿ ಬದುಕುಳಿಯುವವರನ್ನು ಒಂದು ಸಾಲು ಕೆಳಗಿಳಿಸುತ್ತಾರೆ. ಹೆರುವ ವಯಸ್ಸಿನವರ ಮೇಲೆ ಜನನ ಪ್ರಮಾಣವನ್ನು ಹೇರಿ ಮೇಲಿನ ಖಾಲಿ ಸಾಲನ್ನು ತುಂಬುತ್ತಾರೆ. ವಲಸೆಯನ್ನು ಕೂಡಿ ಕಳೆದು ಮತ್ತೆ ಅದನ್ನೇ ಮಾಡುತ್ತಾರೆ. ಎಡ್ವಿನ್ ಕ್ಯಾನನ್ 1895ರಲ್ಲಿ ಇಂಗ್ಲೆಂಡಿಗೆ ಈ ಬಗೆಯ ಲೆಕ್ಕ ಹಾಕಿದ್ದ. ಭಿನ್ನಾಭಿಪ್ರಾಯ ಇರುವುದು ಮುಂದಿನ ಜನನ ಪ್ರಮಾಣ ಏನೆಂಬುದರಲ್ಲಿ. ಬಹಳ ಕೆಳಗಿಳಿದ ದೇಶಗಳಲ್ಲಿ ದರ ತುಸು ಚೇತರಿಸಿಕೊಳ್ಳುತ್ತದೆ ಎಂದು ವಿಶ್ವಸಂಸ್ಥೆ ಎಣಿಸುತ್ತದೆ. ಹೆಣ್ಣುಮಕ್ಕಳ ಶಿಕ್ಷಣ ಮತ್ತು ಗರ್ಭನಿರೋಧಕಗಳ ಲಭ್ಯತೆ ಹೆಚ್ಚಿದಂತೆ ದರ ಇನ್ನೂ ಇಳಿದು ಅಲ್ಲೇ ನಿಲ್ಲುತ್ತದೆ ಎಂದು ಇನ್ನೊಂದು ತಂಡ ಎಣಿಸುತ್ತದೆ. ದಶಾಂಶದ ಅಂತರ ಮೂರು ಪೀಳಿಗೆ ದಾಟುವಷ್ಟರಲ್ಲಿ ನೂರಾರು ಕೋಟಿಯಾಗುತ್ತದೆ.

ಹಾಗಾಗಿ ಹತ್ತಿಪ್ಪತ್ತು ವರ್ಷಗಳ ಲೆಕ್ಕವನ್ನು ಸಾಕಷ್ಟು ನಂಬಬಹುದು, ಇಪ್ಪತ್ತು ವರ್ಷಗಳ ನಂತರ ಕೆಲಸ ಹುಡುಕುವವರು ಈಗಾಗಲೇ ಹುಟ್ಟಿದ್ದಾರೆ. ಎಂಬತ್ತು ವರ್ಷಗಳ ಲೆಕ್ಕವನ್ನು 'ಹೀಗಾದರೆ ಹೀಗೆ' ಎಂದು ಮಾತ್ರ ಓದಬೇಕು. ಈಗ ವಿಶ್ವಸಂಸ್ಥೆಯೇ ಒಂದು ಸಂಖ್ಯೆಯ ಜೊತೆಗೆ ಅದರ ಸಂಭವವನ್ನೂ ಹೇಳುತ್ತದೆ: ಈ ಶತಮಾನದೊಳಗೆ ಜನಸಂಖ್ಯೆ ಶಿಖರ ಮುಟ್ಟುವ ಸಂಭವ ನೂರಕ್ಕೆ 80 ಎಂಬುದು 2024ರ ಅಂದಾಜು.

ಷರತ್ತನ್ನು ಮರೆತು ಸಂಖ್ಯೆಯನ್ನು ಮಾತ್ರ ಹಿಡಿದುಕೊಂಡರೆ ಆಗುವ ಅನಾಹುತಕ್ಕೆ ಚೀನಾದ ಉದಾಹರಣೆ ಸಾಕು. ಕ್ಷಿಪಣಿ ವಿಜ್ಞಾನಿಯಾಗಿದ್ದ ಸಾಂಗ್ ಜಿಯಾನ್ 1970ರ ದಶಕದ ಕೊನೆಯಲ್ಲಿ, ತಲಾ ಮೂರು ಮಕ್ಕಳಾಗುತ್ತ ಹೋದರೆ 2080ರ ಹೊತ್ತಿಗೆ ಚೀನಾದ ಜನಸಂಖ್ಯೆ 400 ಕೋಟಿ ಮೀರುತ್ತದೆಂದು ಲೆಕ್ಕ ಹಾಕಿದ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಅದೇ ದಶಕದಲ್ಲಿ ಆ ದೇಶದ ದರ ಆರರ ಹತ್ತಿರದಿಂದ ಮೂರರ ಕೆಳಗೆ ಇಳಿದಿತ್ತು, ಇನ್ನೂ ಇಳಿಯುತ್ತಲೇ ಇತ್ತು. 1980ರಲ್ಲಿ ಬಂದ ಒಂದೇ ಮಗುವಿನ ನೀತಿಯ ಹಿಂದೆ ಇಂಥ ಲೆಕ್ಕಗಳ ಒತ್ತಾಸೆ ಇತ್ತು. ಆ ನೀತಿಯನ್ನು ಕೈಬಿಡುವ ತೀರ್ಮಾನ ಬಂದದ್ದು 2015ರಲ್ಲಿ. ಲೆಕ್ಕವನ್ನು ಎದುರಿಟ್ಟು ಪ್ರಶ್ನಿಸಬಲ್ಲ ಸ್ವತಂತ್ರ ಜನಸಂಖ್ಯಾ ಕೇಂದ್ರಗಳು ಅಲ್ಲಿ ಆಗ ಇನ್ನೂ ಬಲಗೊಂಡಿರಲಿಲ್ಲ ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ.

ಪ್ರಶ್ನೆ: ಈ ಕೇಂದ್ರಗಳಿಗೆ ಹಣ ಕೊಡುವವರು ಯಾರು? ಕೊಟ್ಟವರಿಗೆ ಬೇಕಾದ ಫಲಿತಾಂಶವನ್ನೇ ಅವರು ಕೊಡುತ್ತಾರೆಂಬ ಅನುಮಾನ ತಪ್ಪೆ?

ಉತ್ತರ: ಅನುಮಾನಕ್ಕೆ ಚಾರಿತ್ರಿಕ ಕಾರಣಗಳಿವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನಸಂಖ್ಯಾ ಸಂಶೋಧನಾ ಕಚೇರಿ 1936ರಲ್ಲಿ ಆರಂಭವಾದದ್ದು ಮಿಲ್‌ಬ್ಯಾಂಕ್ ಎಂಬ ಖಾಸಗಿ ನಿಧಿಯ ನೆರವಿನಿಂದ. 1961ರಲ್ಲಿ ಮಿಷಿಗನ್‌ನಲ್ಲಿ, 1966ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಕೇಂದ್ರಗಳು ಹುಟ್ಟಿದ ಕಾಲದಲ್ಲಿ 'ಜನಸಂಖ್ಯಾ ಸ್ಫೋಟ'ದ ಭಯ ಎಲ್ಲೆಡೆ ಇತ್ತು. ಫೋರ್ಡ್, ರಾಕ್‌ಫೆಲರ್ ಪ್ರತಿಷ್ಠಾನಗಳೂ ಸರ್ಕಾರಗಳೂ ಈ ಕ್ಷೇತ್ರಕ್ಕೆ ಧಾರಾಳವಾಗಿ ಹಣ ಕೊಟ್ಟವು. ಯಾವ ವಿಷಯಕ್ಕೆ ಹಣವಿದೆಯೋ ಅದರ ಮೇಲೆ ಪ್ರಬಂಧಗಳು ಹೆಚ್ಚುತ್ತವೆ. ಕುಟುಂಬ ಯೋಜನೆಯ ಬಗ್ಗೆ ಆಗ ರಾಶಿ ರಾಶಿ ಅಧ್ಯಯನಗಳು ಬಂದವು, ಹಿರಿಯರ ಬಗ್ಗೆ, ವಲಸೆಯ ಬಗ್ಗೆ ಅಷ್ಟು ಬರಲಿಲ್ಲ. ಹೆಂಗಸರ ಇಚ್ಛೆ, ಆರೋಗ್ಯಗಳಿಗಿಂತ ಜನನ ಇಳಿಸುವ ಗುರಿಗಳೇ ದೊಡ್ಡದಾಗಿದ್ದ ಆ ಧೋರಣೆ ಅಧಿಕೃತವಾಗಿ ಬದಲಾದದ್ದು 1994ರಲ್ಲಿ, ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು ಒಪ್ಪಿದ ಕಾರ್ಯಸೂಚಿಯಿಂದ.

ಆದರೂ ಒಂದು ಕೇಂದ್ರದ ಪ್ರಾಮಾಣಿಕತೆಯನ್ನು ಅಳೆಯಲು ನಾನು ನೋಡುವುದು, ಅದು ತನ್ನದೇ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದೆಯೇ ಎಂಬುದನ್ನು. ಕೈಗಾರಿಕೆ, ನಗರೀಕರಣ, ಶಿಕ್ಷಣಗಳು ಬಂದಂತೆ ಮೊದಲು ಸಾವು, ಆಮೇಲೆ ಜನನ ಇಳಿಯುತ್ತದೆಂಬ ಸಿದ್ಧಾಂತವನ್ನು ಬೆಳೆಸಿದವರಲ್ಲಿ ಪ್ರಿನ್ಸ್‌ಟನ್ ಕಚೇರಿಯ ಮೊದಲ ನಿರ್ದೇಶಕ ಫ್ರಾಂಕ್ ನೋಟ್‌ಸ್ಟೈನ್ ಪ್ರಮುಖರು. ಅದೇ ಕಚೇರಿಯಲ್ಲಿ ಅನ್ಸ್ಲಿ ಕೋಲ್ 1963ರಲ್ಲಿ ಯುರೋಪಿನ ನೂರಾರು ಪ್ರಾಂತಗಳ ಹಳೆಯ ದಾಖಲೆಗಳನ್ನು ಜಾಲಾಡುವ ಯೋಜನೆ ಆರಂಭಿಸಿದರು. ಎರಡು ದಶಕಗಳ ಕೆಲಸದಿಂದ ಹೊರಬಿದ್ದ ಚಿತ್ರ ಸಿದ್ಧಾಂತಕ್ಕೆ ಹೊಂದಲಿಲ್ಲ. ಬಡ, ಕೃಷಿಪ್ರಧಾನ ಪ್ರಾಂತಗಳಲ್ಲೂ ಜನನ ಬೇಗ ಇಳಿದಿತ್ತು. ಒಂದೇ ಭಾಷೆ, ಒಂದೇ ಸಂಸ್ಕೃತಿಯ ಪ್ರದೇಶಗಳು, ಆರ್ಥಿಕ ಸ್ಥಿತಿ ಬೇರೆಯಾಗಿದ್ದರೂ, ಹೆಚ್ಚುಕಡಿಮೆ ಒಟ್ಟಿಗೆ ಬದಲಾಗಿದ್ದವು. ತಮ್ಮ ಮನೆಯ ಸಿದ್ಧಾಂತಕ್ಕೇ ಪೆಟ್ಟು ಕೊಡುವ ಈ ಫಲಿತಾಂಶವನ್ನು ಅವರು ಮುಲಾಜಿಲ್ಲದೆ ಪ್ರಕಟಿಸಿದರು.

ಪ್ರಶ್ನೆ: ಸಮೀಕ್ಷೆಗೆ ಬಂದವರು ಗರ್ಭಪಾತ, ಕಾಯಿಲೆ, ಆದಾಯ ಎಲ್ಲವನ್ನೂ ಕೇಳುತ್ತಾರೆ. ಈ ಮಾಹಿತಿ ಬೇರೆಯವರ ಕೈಸೇರುವುದಿಲ್ಲವೆಂಬ ಖಾತರಿ ಏನು?

ಉತ್ತರ: ಪೂರ್ತಿ ಖಾತರಿ ಎಂಬುದಿಲ್ಲ, ಅಪಾಯವನ್ನು ಕಡಿಮೆ ಮಾಡುವ ಕಟ್ಟುಪಾಡುಗಳಿವೆ. ಪ್ರಶ್ನಾವಳಿಯನ್ನು ಮೊದಲು ನೈತಿಕ ಸಮಿತಿ ಒಪ್ಪಬೇಕು, ಉತ್ತರಿಸುವವರ ಒಪ್ಪಿಗೆ ಪಡೆಯಬೇಕು, ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಅವರಿಗಿರಬೇಕು. ಹೆಸರು ವಿಳಾಸಗಳನ್ನು ಉತ್ತರಗಳಿಂದ ಬೇರ್ಪಡಿಸಿ ಇಡುತ್ತಾರೆ. ಸೂಕ್ಷ್ಮ ದತ್ತಾಂಶವನ್ನು ಇಂಟರ್‌ನೆಟ್ ಸಂಪರ್ಕವಿಲ್ಲದ ಕೋಣೆಯಲ್ಲಿ ಮಾತ್ರ ನೋಡಲು ಬಿಡುವ ಕೇಂದ್ರಗಳಿವೆ. ಅಲ್ಲಿಂದ ಹೊರಗೆ ಒಯ್ಯುವ ಪ್ರತಿ ಕೋಷ್ಟಕವನ್ನೂ ಸಿಬ್ಬಂದಿ ಪರಿಶೀಲಿಸಿ, ಒಂದಿಬ್ಬರನ್ನು ಮಾತ್ರ ಸೂಚಿಸುವ ಅಂಕಣವಿದ್ದರೆ ಅಳಿಸುತ್ತಾರೆ.

ಹೆಸರಿಲ್ಲದ ಮಾತ್ರಕ್ಕೆ ಮಾಹಿತಿ ನಿರಪಾಯವಾಗುವುದಿಲ್ಲ. ಅಮೆರಿಕದ 1940ರ ಜನಗಣತಿಯ ಚಿಕ್ಕ ಪ್ರದೇಶವಾರು ಕೋಷ್ಟಕಗಳು ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದ ನಾಗರಿಕರನ್ನು ಹುಡುಕಿ ಶಿಬಿರಗಳಿಗೆ ಸಾಗಿಸಲು ಬಳಕೆಯಾದವು. ಇದನ್ನು ಅಗೆದು ತೆಗೆದವರಲ್ಲಿ ವಿಶ್ವವಿದ್ಯಾಲಯದ ಸಂಶೋಧಕರೇ ಮುಂದಿದ್ದರು. ಅದೇ ದೇಶ 2020ರ ಗಣತಿಯಲ್ಲಿ ಗುಟ್ಟು ಕಾಯಲೆಂದು ಪ್ರಕಟಿತ ಅಂಕಿಗಳಲ್ಲಿ ಬೇಕೆಂದೇ ಸಣ್ಣ ಏರುಪೇರು ಬೆರೆಸಿತು. ಚಿಕ್ಕ ಊರುಗಳ, ಸಣ್ಣ ಸಮುದಾಯಗಳ ಚಿತ್ರವೇ ಇದರಿಂದ ಕೆಡುತ್ತದೆಂದು ಜನಸಂಖ್ಯಾಶಾಸ್ತ್ರಜ್ಞರಲ್ಲೇ ಹಲವರು ವಿರೋಧಿಸಿದರು. ಎರಡೂ ಕಡೆಯ ವಾದದಲ್ಲಿ ಹುರುಳಿದೆ, ಇದು ಸುಲಭಕ್ಕೆ ಬಗೆಹರಿಯುವ ಜಗಳವಲ್ಲ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಇಂಥ ಕೇಂದ್ರದಲ್ಲಿ ಸಂಶೋಧನೆ ಮಾಡಲು ಏನು ಓದಿರಬೇಕು?

ಉತ್ತರ: ಇಂತಿಂಥದೇ ಪದವಿ ಎಂಬ ಕಟ್ಟಿಲ್ಲ. ಹೆಚ್ಚಿನ ಕೇಂದ್ರಗಳಲ್ಲಿ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಭೂಗೋಳ, ಮಾನವಶಾಸ್ತ್ರ, ಸಾರ್ವಜನಿಕ ಆರೋಗ್ಯ ವಿಭಾಗಗಳಿಂದ ಬಂದವರು ಒಟ್ಟಿಗೆ ಕೆಲಸ ಮಾಡುತ್ತಾರೆ. ಸಂಖ್ಯಾಶಾಸ್ತ್ರದ ಗಟ್ಟಿ ತಳಹದಿ, ಒಂದು ಸಮಾಜವಿಜ್ಞಾನದ ಓದು, 'ಆರ್'ನಂಥ ಒಂದು ಸಾಫ್ಟ್‌ವೇರಿನ ಅಭ್ಯಾಸ ಇದ್ದರೆ ಉಳಿದದ್ದನ್ನು ಅಲ್ಲೇ ಕಲಿಯಬಹುದು. ಕ್ಷೇತ್ರಕಾರ್ಯಕ್ಕೆ ಒಮ್ಮೆಯಾದರೂ ಹೋಗಿ, ಪ್ರಶ್ನಾವಳಿ ಹಿಡಿದು ಬಾಗಿಲಲ್ಲಿ ನಿಂತ ಅನುಭವ ಪಡೆಯುವುದು ಒಳಿತು. ಕಂಪ್ಯೂಟರಿನಲ್ಲಿ ಮಾತ್ರ ಅಂಕಿ ನೋಡಿದವರು ಅದನ್ನು ಬೇಗ ನಂಬಿಬಿಡುತ್ತಾರೆ.

ಕಾಯದೆ ಈಗಲೇ ಶುರುಮಾಡಲೂ ಅಡ್ಡಿಯಿಲ್ಲ. ಮಿನೆಸೋಟ ವಿಶ್ವವಿದ್ಯಾಲಯದ ಐಪಮ್ಸ್ ಸಂಗ್ರಹದಲ್ಲಿ ಹಲವಾರು ದೇಶಗಳ ಗಣತಿ ದತ್ತಾಂಶ ನೋಂದಾಯಿಸಿಕೊಂಡವರಿಗೆ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ಯಾವುದಾದರೂ ಗಣತಿಯ ಬಿಡಿ ವಯಸ್ಸುಗಳ ಪಟ್ಟಿ ಆರಿಸಿಕೊಳ್ಳಿ. 23ರಿಂದ 62 ವರ್ಷದವರನ್ನು ಮಾತ್ರ ತೆಗೆದುಕೊಂಡು, ಅವರಲ್ಲಿ ವಯಸ್ಸಿನ ಕೊನೆಯ ಅಂಕಿ ಸೊನ್ನೆ ಅಥವಾ ಐದು ಇರುವವರನ್ನು ಕೂಡಿಸಿ, ಐದರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಉತ್ತರ 100ರ ಹತ್ತಿರ ಬಂದರೆ ಜನ ತಮ್ಮ ವಯಸ್ಸನ್ನು ಸರಿಯಾಗಿ ಹೇಳಿದ್ದಾರೆ. 175 ದಾಟಿದರೆ ಮೂವತ್ತು, ಮೂವತ್ತೈದು, ನಲವತ್ತು ಎಂದು ಗುಂಡುಗುಂಡಾಗಿ ಹೇಳಿದವರೇ ಬಹಳ, ಅಥವಾ ಎಣಿಸಲು ಬಂದವರೇ ಮುಖ ನೋಡಿ ಹಾಗೆ ಬರೆದುಕೊಂಡಿದ್ದಾರೆ. ಇದಕ್ಕೆ ವಿಪಲ್ ಸೂಚ್ಯಂಕ ಎನ್ನುತ್ತಾರೆ. ಹೆಂಗಸರಿಗೂ ಗಂಡಸರಿಗೂ ಬೇರೆಬೇರೆಯಾಗಿ, ಹಳ್ಳಿಗೂ ಪಟ್ಟಣಕ್ಕೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಎಲ್ಲಿ ವ್ಯತ್ಯಾಸ ಕಾಣುತ್ತದೆಯೋ ಅದಕ್ಕೆ ನಿಮಗೆ ತೋಚಿದ ಕಾರಣಗಳನ್ನು ಎರಡು ಪುಟದಲ್ಲಿ ಬರೆಯಿರಿ. ಪ್ರವೇಶದ ಅರ್ಜಿಯ ಜೊತೆಗೆ ಆ ಎರಡು ಪುಟಗಳನ್ನೂ ಲಗತ್ತಿಸಬಹುದು.